ಅಕ್ಕನ ಸೊಂಟಕ್ಕೆ ಪಂಚಾಯ್ತಿ

ನನ್ನ ಅಕ್ಕ ದುಫಿಯೆಯ ಕುಂಟು ನಡಿಗೆ ಕುಮಾಸಿ ಪಟ್ಟಣದ ದೊಡ್ಡ ಮಾರುಕಟ್ಟೆಯಲ್ಲಿ ಎಷ್ಟು ಹೆಸರುವಾಸಿಯಾಗಿತ್ತೆಂದರೆ, ದಾರಿ ಕೇಳಿದವರಿಗೆ ಜನ ಅದನ್ನೇ ಗುರುತು ಹೇಳುತ್ತಿದ್ದರು. "ಹಿಂಗೇ ನೆಟ್ಟಗೆ ಹೋಗಿ. ದೋಣಿ ಥರ ಓಲಾಡೋ ಹೆಂಗಸೊಬ್ಬಳು ಸಿಗ್ತಾಳೆ. ಅಲ್ಲಿಂದ ಬಟ್ಟೆ ಸಾಲು ಶುರು." ಅಕ್ಕನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಹೆಸರು ಕೈಯಿಂದ ಬಂದರೇನು, ಕಾಲಿನಿಂದ ಬಂದರೇನು, ಬಂತಲ್ಲ ಎನ್ನುವ ಜಾಯಮಾನ ಅವಳದು.

ನಾನು ಅಫ್ರಾಕೊಮಾ, ಅವಳ ತಂಗಿ. ಅವಳ ಬಟ್ಟೆ ಅಂಗಡಿಯ ಎದುರಿಗೇ ನನ್ನ ಹೊಲಿಗೆ ಯಂತ್ರ. ಬಾಂತಾಮಾ ಬಡಾವಣೆಯಲ್ಲಿ ಇಬ್ಬರದೂ ಒಂದೇ ವಠಾರ. ಹಾಗಾಗಿ ಅವಳ ಬಲ ಸೊಂಟದ ಕೀಲು ಸವೆಯಲು ತೊಡಗಿದಾಗಿನಿಂದ ಅದರ ಸಕಲ ಸಮಾಚಾರ ಕೇಳುವ ಭಾಗ್ಯ ನನಗೆ ಒಲಿದಿತ್ತು. ಬೆಳಿಗ್ಗೆ ಏಳುವಾಗ ಸೊಂಟ ಏನೆಂದಿತು, ಮೆಟ್ಟಿಲಿಳಿಯುವಾಗ ಏನೆಂದಿತು, ಭಾವನ ಮುಖ ನೋಡಿದಾಗ ಏನೆಂದಿತು, ಎಲ್ಲ ನನಗೆ ವರದಿಯಾಗುತ್ತಿತ್ತು.

ನೋವು ಸುಳ್ಳೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಹೆಜ್ಜೆಗೊಮ್ಮೆ ಅವಳ ಮುಖ ಹಿಂಡಿದ ನಿಂಬೆಹಣ್ಣಿನಂತಾಗುತ್ತಿತ್ತು. ಆದರೆ ನೋವಿನ ಬೆನ್ನಿಗೇ ಕೆಲವು ಅನುಕೂಲಗಳೂ ಬಂದಿದ್ದವು. ನಮ್ಮಲ್ಲಿ ಸತ್ತವರಿಗಾಗಿ ಶನಿವಾರ ಊಟ, ಕುಣಿತದ ಕೂಟ ನಡೆಯುತ್ತದೆ. ಅಂಥ ಸಾವಿನ ಮನೆಗಳಲ್ಲಿ ನಾವೆಲ್ಲ ಬಿಸಿಲಲ್ಲಿ ಬೇಯುತ್ತಿದ್ದರೆ ಅವಳಿಗೆ ಶಾಮಿಯಾನದ ಕೆಳಗೆ ಮೊದಲ ಕುರ್ಚಿ. ಸಾರಿನ ಪಾತ್ರೆಯಿಂದ ದಪ್ಪ ಮಾಂಸದ ತುಂಡು ತಾನಾಗಿ ಎದ್ದು ಅವಳ ಬಟ್ಟಲಿಗೆ ಹೋಗುತ್ತಿತ್ತು. ಗಿರಾಕಿಗಳು ಚೌಕಾಸಿ ಮಾಡಿದರೆ, "ಅಯ್ಯೋ, ನನ್ನ ಸೊಂಟ" ಎಂದು ಒಂದು ನರಳು ನರಳಿದರೆ ಸಾಕು, ಅವರೇ ನಾಚಿಕೊಂಡು ಹೇಳಿದಷ್ಟು ಕೊಟ್ಟು ಹೋಗುತ್ತಿದ್ದರು.

ಮದ್ದಿಗೂ ಏನೂ ಕಡಿಮೆ ಮಾಡಲಿಲ್ಲ. ನಾಟಿ ವೈದ್ಯನೊಬ್ಬ ಬೇರು ಅರೆದು ಕಟ್ಟಿದ, ಚರ್ಮ ಸುಟ್ಟಿತು, ಸೊಂಟ ಹಾಗೇ ಉಳಿಯಿತು. ಪ್ರವಾದಿಯೊಬ್ಬ ಮಂತ್ರಿಸಿದ ಎಣ್ಣೆ ಕೊಟ್ಟ. ಅದರಲ್ಲಿ ದೇವರಿಗಿಂತ ತೆಂಗಿನಕಾಯಿಯ ವಾಸನೆಯೇ ಹೆಚ್ಚಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರ ಎಕ್ಸ್‌ರೇ ಎತ್ತಿ ಹಿಡಿದು, "ಕೀಲು ಪೂರ್ತಿ ಸವೆದಿದೆ, ಬದಲಾಯಿಸಬೇಕು" ಎಂದರು. ಅಕ್ಕ ಅವರನ್ನು ಕಟುಕ ಎಂದು ಕರೆದು ಮನೆಗೆ ಬಂದಳು.

ಆಪರೇಷನ್ನಿಗೆ ಅವಳನ್ನು ಒಪ್ಪಿಸಿದ್ದು ಡಾಕ್ಟರೂ ಅಲ್ಲ, ನಾನೂ ಅಲ್ಲ, ತಿವಾ. ತಿವಾ ಅದೇ ಸಾಲಿನ ಇನ್ನೊಬ್ಬಳು ಬಟ್ಟೆ ವ್ಯಾಪಾರಿ. ಹುಟ್ಟಿದಾಗಿನಿಂದ ಅಕ್ಕನಿಗೆ ವೈರಿಯಾಗಲೆಂದೇ ತಯಾರಾದವಳು. ಒಂದು ಸಂಜೆ ಅಕ್ಕ ಟ್ರೋಟ್ರೋ ವ್ಯಾನಿನ ಮೆಟ್ಟಿಲಿಗೆ ಕಾಲೆತ್ತಲಾರದೆ ನಿಂತುಬಿಟ್ಟಳು. ಒಳಗಿದ್ದವರೆಲ್ಲ ಗೊಣಗತೊಡಗಿದರು. ಕಂಡಕ್ಟರು ಕೆಳಗಿಳಿದು ಅವಳ ಕಂಕುಳಿಗೆ ಕೈಹಾಕಿ, ಗೆಣಸಿನ ಮೂಟೆ ಎತ್ತಿದ ಹಾಗೆ ಎತ್ತಿ ಸೀಟಿನ ಮೇಲೆ ಇಳಿಸಿದ. ಪಕ್ಕದ ಸೀಟಿನಲ್ಲಿದ್ದವಳು ತಿವಾ.

"ದುಫಿಯೆ ಅಕ್ಕಾ, ನೋಡ್ಕೊಮ್ಮಾ, ಮೂಟೆಗೆ ಬೇರೆ ಚಾರ್ಜ್ ಕೇಳ್ತಾನೆ ಅವನು" ಎಂದಳು ತಿವಾ, ಬಹಳ ಮರುಕದಿಂದ.

ಇಡೀ ವ್ಯಾನು ನಕ್ಕಿತು. ಮಾರನೆಯ ದಿನ ಅಕ್ಕ ಅದೇ ಕಟುಕನ ಬಾಗಿಲಲ್ಲಿ ಸಾಲಿನಲ್ಲಿ ನಿಂತಿದ್ದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಸವೆದ ಕೀಲು ತೆಗೆದು ಲೋಹದ್ದೊಂದನ್ನು ಕೂರಿಸಿದರು. ಅಕ್ಕನ ಮೈಯಲ್ಲಿ ಈಗ ಅವಳಷ್ಟೇ ಗಟ್ಟಿಯಾದದ್ದು ಇನ್ನೊಂದು ಸೇರಿತು. ಮನೆಗೆ ಕಳಿಸುವಾಗ ನಿಯಮಗಳನ್ನೂ ಜೊತೆಗೆ ಕಟ್ಟಿಕೊಟ್ಟರು. ಕಾಲ ಮೇಲೆ ಕಾಲು ಹಾಕಬಾರದು, ಸೊಂಟ ಮಡಿಸಿ ಬಗ್ಗಬಾರದು, ಕೆಲವು ತಿಂಗಳು ಗಿಡ್ಡ ಮಣೆಯ ಮೇಲೆ ಕೂರಲೇಬಾರದು. ನಮ್ಮ ಮನೆಗಳಲ್ಲಿ ಬೇಯಿಸಿದ ಗೆಣಸು ಕುಟ್ಟಿ ಫುಫು ಮಾಡುವಾಗ ಮುದ್ದೆ ತಿರುವುವುದೂ ಗಿಡ್ಡ ಮಣೆಯ ಮೇಲೆ, ಸೊಪ್ಪು ಸೋಸುವುದೂ ಗಿಡ್ಡ ಮಣೆಯ ಮೇಲೆ, ಊರವರ ಸುದ್ದಿ ಆಡುವುದೂ ಅದರ ಮೇಲೆಯೇ. ಮೊದಲ ಎರಡು ಕೆಲಸ ನನ್ನ ಪಾಲಿಗೆ ಬಂದವು. ಮೂರನೆಯದನ್ನು ಅಕ್ಕ ಎತ್ತರದ ಕುರ್ಚಿಯಿಂದಲೇ ನಿಭಾಯಿಸಿದಳು.

ನಡೆಯುವುದನ್ನು ಕಲಿಸಲು ಆಸ್ಪತ್ರೆಯಲ್ಲಿ ಸೆಫಾಕೊರ್ ಎಂಬ ಹೆಣ್ಣುಮಗಳು ಇದ್ದಳು. ದೂರದ ವೋಲ್ಟಾ ಸೀಮೆಯವಳು, ಗಂಟಲು ಮಾತ್ರ ಬಸ್ ನಿಲ್ದಾಣದ್ದು. ಮೊದಲು ನಾಲ್ಕು ಕಾಲಿನ ಚೌಕಟ್ಟು ಹಿಡಿಸಿ ನಡೆಸಿದಳು, ಆಮೇಲೆ ಊರುಗೋಲು, ಆಮೇಲೆ ಒಂದೇ ಕೋಲು. ಗಾಯ ಮಾಯಿತು. ನೋವು ಹೋಯಿತು. ಡಾಕ್ಟರು ಹೊಸ ಎಕ್ಸ್‌ರೇ ನೋಡಿ ತಮ್ಮ ಕೈಕೆಲಸಕ್ಕೆ ತಾವೇ ತಲೆದೂಗಿದರು. ಆದರೆ ಅಕ್ಕ ಮಾತ್ರ ಮೊದಲಿನ ಹಾಗೇ ಓಲಾಡುತ್ತಿದ್ದಳು.

"ಅಮ್ಮಾ, ನೋವಿದೆಯಾ?" ಎಂದು ಕೇಳಿದಳು ಸೆಫಾಕೊರ್.

"ಇಲ್ಲ ಕಣಮ್ಮ."

"ಮತ್ಯಾಕೆ ಕುಂಟ್ತೀರಾ?"

"ಅದು ಹಂಗೇ ಬರುತ್ತೆ."

"ಕೋಲು ಯಾವ ಕೈಲಿ ಹಿಡೀಬೇಕು ಅಂದಿದ್ದೆ?"

ಅಕ್ಕ ಕೋಲನ್ನು ಬಲಗೈಯಿಂದ ಎಡಗೈಗೆ ಮೆಲ್ಲಗೆ ದಾಟಿಸಿದಳು, ಕದ್ದ ಮಾಲು ಮುಚ್ಚಿಡುವವಳ ಹಾಗೆ.

"ಕೀಲು ಹೊಸದು, ನಡಿಗೆ ಹಳೇದು" ಎಂದಳು ಸೆಫಾಕೊರ್. "ನೋವು ತಪ್ಪಿಸ್ಕೊಳ್ಳೋಕೆ ವರ್ಷಾನುಗಟ್ಟಲೆ ಪಕ್ಕಕ್ಕೆ ವಾಲಿದೀರ. ಸೊಂಟದ ಪಕ್ಕದ ಮಾಂಸ ಸೋಮಾರಿಯಾಗಿದೆ. ಈಗ ನೋವಿಲ್ಲ, ಆದರೂ ವಾಲ್ತೀರ. ಗೋಡೆ ಹಿಡಿದು ಕಾಲು ಪಕ್ಕಕ್ಕೆ ಎತ್ತಿ ಇಳಿಸಿ ಅಂತ ಹೇಳಿದ್ನಲ್ಲ, ಮಾಡ್ತಿದೀರಾ?"

"ದಿನಾ ಮಾಡ್ತೀನಿ."

ನಾನು ಕೆಮ್ಮಿದೆ. ಸೆಫಾಕೊರ್ ನನ್ನ ಕಡೆ ತಿರುಗಿದಳು. "ಮಾಡ್ತಾರಾ?"

"ಗೋಡೆ ಹಿಡೀತಾಳೆ" ಎಂದೆ.

ಸೆಫಾಕೊರ್ ಅಕ್ಕನನ್ನು ಆಳೆತ್ತರದ ಕನ್ನಡಿಯ ಮುಂದೆ ನಿಲ್ಲಿಸಿದಳು. "ಒಂದ್ಸಲ ನಡೆದು ನೋಡ್ಕೊಳ್ಳಿ, ಅಮ್ಮಾ. ನಿಮ್ಮನ್ನ ನೀವು ನೋಡ್ಕೊಂಡು ಎಷ್ಟು ದಿನ ಆಯ್ತೋ." ಅಕ್ಕ ನಡೆದು ನೋಡಿಕೊಂಡಳು. ಕನ್ನಡಿ ಡೊಂಕಾಗಿದೆ ಎಂದಳು. ಕುಣಿಯಲಾರದವಳು ನೆಲದ ಮೇಲೆ ತಪ್ಪು ಹೊರಿಸಿದರೆ ನನ್ನ ಅಕ್ಕ ಕನ್ನಡಿಯ ಮೇಲೆ ಹೊರಿಸಿದಳು, ಅಷ್ಟೇ ವ್ಯತ್ಯಾಸ.

ಬರುವ ದಾರಿಯಲ್ಲಿ ನಾನು ಸುಮ್ಮನಿರಲಾರದೆ ಕೇಳಿದೆ. "ಅಕ್ಕಾ, ನಿಜ ಹೇಳು. ನೆಟ್ಟಗೆ ನಡೆದುಬಿಟ್ರೆ ಆ ಶಾಮಿಯಾನದ ಕುರ್ಚಿ ಹೋಗುತ್ತೆ ಅಂತ ತಾನೆ?"

ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಸ್ವಲ್ಪ ದೂರ ಓಲಾಡುತ್ತ ಬಂದು, "ಕುರ್ಚಿ ಮನೆ ಹಾಳಾಗಲಿ" ಎಂದಳು. "ಆ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟರೆ ಹಳೇ ನೋವು ಅಲ್ಲೇ ಕಾದು ಕೂತಿರುತ್ತೆ ಅನ್ಸುತ್ತೆ ಕಣೇ. ಡಾಕ್ಟ್ರಿಗೆ ಕೀಲು ಗೊತ್ತು. ಆ ನೋವು ಎಂಥದು ಅಂತ ನನಗೆ ಗೊತ್ತು."

ತಮಾಷೆ ಮಾಡಲು ತಯಾರಾಗಿ ಹೋದಾಗ ಜನ ಹೀಗೆ ನಿಜ ಹೇಳಿಬಿಟ್ಟರೆ ಬಹಳ ಮುಜುಗರವಾಗುತ್ತದೆ.

ಸೆಫಾಕೊರ್‌ಳ ಗಂಟಲಿನಿಂದ ಆಗದ್ದನ್ನು ನಮ್ಮ ಭಾವ ಒವಿರೆಡು ಒಂದು ಚಮಚದಿಂದ ಸಾಧಿಸಿದರು. ಭಾವ ಲಾರಿ ಓಡಿಸಿ ನಿವೃತ್ತರಾದವರು. ಈಗ ವಠಾರದ ಜಗುಲಿಯಲ್ಲಿ ಕೂತು ದೇಶ ಓಡಿಸುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ, ಸಿಹಿ ಮುಟ್ಟಬಾರದು. ಆದರೆ ಇಷ್ಟು ವರ್ಷ ಅವರಿಗೆ ಒಂದು ದೈವಸಹಾಯವಿತ್ತು. ಅಕ್ಕ ಬಂದರೆ ದೂರದಿಂದಲೇ ಕೇಳುತ್ತಿತ್ತು. ಧಡ್, ಪರಕ್. ಧಡ್, ಪರಕ್. ಎರಡು ಧಡ್ ಆಗುವಷ್ಟರಲ್ಲಿ ಸಿಹಿ ಹಾಲಿನ ಡಬ್ಬಿ ಕುರ್ಚಿಯ ಹಿಂದೆ ಸೇರುತ್ತಿತ್ತು, ಭಾವನ ಮುಖದಲ್ಲಿ ವೈರಾಗ್ಯ ಬಂದು ಕೂರುತ್ತಿತ್ತು.

ಆ ಮಧ್ಯಾಹ್ನ ಅಕ್ಕ ಒಳಗೆ ಬಟ್ಟೆ ಮಡಿಸುತ್ತಿದ್ದಳು. ಜಗುಲಿಯಲ್ಲಿ ಭಾವ ಫೋನಿನಲ್ಲಿ ಯಾರಿಗೋ, "ಅವಳ ಅಡುಗೇಲಿ ಉಪ್ಪೂ ಇಲ್ಲ, ಪ್ರೀತೀನೂ ಇಲ್ಲ" ಎಂದು ಹೇಳಿ ನಕ್ಕದ್ದು ಅವಳ ಕಿವಿಗೆ ಬಿತ್ತು. ಸಿಟ್ಟಿನ ಭರದಲ್ಲಿ ಅವಳು ಕೋಲು ಮರೆತಳು, ಕಾಲಿನ ಮೇಲಿನ ಭಯ ಮರೆತಳು, ಕುಂಟುವುದನ್ನೂ ಮರೆತಳು. ಬರಿಗಾಲಲ್ಲಿ ಸರಸರ ಹೊರಟಳು. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ನಾನು ಕಣ್ಣಾರೆ ಕಂಡೆ. ಓಲಾಟವಿಲ್ಲ, ಧಡ್ ಇಲ್ಲ, ಪರಕ್ ಇಲ್ಲ. ಬೆಕ್ಕು ನಡೆದ ಹಾಗೆ ನಡೆದು ಭಾವನ ಬೆನ್ನ ಹಿಂದೆ ನಿಂತಳು. ಭಾವ ಚಮಚ ತುಂಬ ಸಿಹಿ ಹಾಲು ತೆಗೆದು, ಕಣ್ಣು ಮುಚ್ಚಿ, ಬಾಯಿಗಿಟ್ಟುಕೊಂಡರು.

"ಉಪ್ಪು ಸರಿಯಾಗಿದೆಯಾ?" ಎಂದಳು ಅಕ್ಕ.

ಭಾವನ ಕೈಯಿಂದ ಚಮಚ ಬಿತ್ತು. ಫೋನೂ ಬಿತ್ತು. "ನೀನು... ನೀನು ಹೆಂಗೆ ಬಂದೆ?"

"ನಡ್ಕೊಂಡು ಬಂದೆ."

"ಕೇಳಿಸ್ಲೇ ಇಲ್ಲ!"

ಆ ಮಾತು ಕೇಳಿದಾಗ ಅಕ್ಕನ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಅವಳ ಮದುವೆಯ ದಿನವೂ ನೋಡಿರಲಿಲ್ಲ. ಭಾವನಿಗೆ ಸಲ್ಲಬೇಕಾದದ್ದೆಲ್ಲ ಸಂದ ಮೇಲೆ ಅವಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಲೇ, ಭಾರ ಬಿಟ್ಟೆ ಕಣೇ ಅದರ ಮೇಲೆ. ಏನೂ ಆಗಲಿಲ್ಲ. ನೋವು ಅಲ್ಲಿಲ್ಲ."

"ಡಾಕ್ಟ್ರು ಅದನ್ನೇ ಹೇಳಿದ್ರು."

"ಅವರು ಹೇಳ್ತಾರೆ. ಹೇಳೋಕೆ ಅವರಿಗೇನು."

ಅಂದಿನಿಂದ ಅವಳು ಗೋಡೆ ಹಿಡಿದು ಕಾಲೆತ್ತುವುದನ್ನು ನಿಜವಾಗಿ ಶುರುಮಾಡಿದಳು. ಆದರೆ ಮನೆಯೊಳಗೆ ಮಾತ್ರ. ಮಾರುಕಟ್ಟೆಯಲ್ಲಿ ಕೋಲು, ನರಳಾಟ, ಮೊದಲ ಕುರ್ಚಿ ಎಲ್ಲ ಹಿಂದಿನಂತೆಯೇ ನಡೆಯುತ್ತಿದ್ದವು. ಕಾಲು ನೆಟ್ಟಗಾದ ಮಾತ್ರಕ್ಕೆ ವ್ಯಾಪಾರ ಕೆಡಿಸಿಕೊಳ್ಳಬೇಕೆಂದು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ.

ಅಷ್ಟರಲ್ಲಿ ಬಟ್ಟೆ ಸಾಲಿನ ರಾಣಿ ತೀರಿಕೊಂಡಳು. ನಮ್ಮ ಮಾರುಕಟ್ಟೆಯಲ್ಲಿ ಟೊಮೇಟೊಗೊಬ್ಬಳು, ಗೆಣಸಿಗೊಬ್ಬಳು, ಬಟ್ಟೆಗೊಬ್ಬಳು ರಾಣಿ. ಜಗಳ ಬಿಡಿಸುವುದು, ಜಾಗ ಹಂಚುವುದು, ಸಾವಿಗೆ ಹೋಗುವುದು ಅವರ ಕೆಲಸ. ಹಿರಿತನದಲ್ಲಿ ಮುಂದಿನ ಸರದಿ ಅಕ್ಕನದು. ಆದರೆ ತಿವಾ ಸುಮ್ಮನಿರುವಳೇ? ತೀರಿಕೊಂಡವಳ ಮೇಲೆ ಮಣ್ಣು ಬಿದ್ದು ಇನ್ನೂ ಒಣಗಿರಲಿಲ್ಲ, ಅವಳು ಸಾಲಿನ ಹಿರಿಯರ ಮುಂದೆ ಶಾಸ್ತ್ರ ಬಿಚ್ಚಿದಳು.

"ರಾಜಪೀಠಕ್ಕಿರೋ ನಿಯಮವೇ ನಮ್ಮ ಪೀಠಕ್ಕೂ. ಅಂಗ ಊನ ಇರೋರು ಕೂರೋ ಹಾಗಿಲ್ಲ. ನನಗೆ ದುಫಿಯೆ ಅಕ್ಕನ ಮೇಲೆ ಪ್ರಾಣ. ಆದ್ರೆ ನಿಯಮ ನಾನು ಮಾಡಿದ್ದಲ್ಲವಲ್ಲ."

ಈ ನಿಯಮ ಸತ್ತ ರಾಣಿಗೆ ಬಾಯಲ್ಲಿ ಒಂದೂ ಹಲ್ಲು ಉಳಿಯದಿದ್ದಾಗ, ಎಡಗಿವಿ ಪೂರ್ತಿ ಮುಚ್ಚಿಹೋದಾಗ ಯಾರಿಗೂ ನೆನಪಾಗಿರಲಿಲ್ಲ. ಬಹುಶಃ ಅದೂ ನಮ್ಮ ಹಾಗೆಯೇ, ಬೇಕಾದಾಗ ಏಳುತ್ತದೆ. ಅಕ್ಕ ಕೂಡಲೇ ಎದ್ದು, "ನಾನು ಈಗ ಕುಂಟಿ ಅಲ್ಲ" ಎಂದಳು. ಹೇಳುವಾಗ ಕೋಲಿಗೆ ಒರಗಿ ನಿಂತಿದ್ದಳು. ಸಭೆ ಮರ್ಯಾದೆಗೆಂದು ನಗಲಿಲ್ಲ.

ಹಿರಿಯರಲ್ಲಿ ಹಿರಿಯಳು ನಾನಾ ಬಿರಾಗೊ. ನಾನಾ ಎಂದರೆ ನಮ್ಮಲ್ಲಿ ಅಜ್ಜಿ. ವಯಸ್ಸು ಎಷ್ಟೆಂದು ಅವಳಿಗೂ ಗೊತ್ತಿಲ್ಲ, ಕೇಳುವ ಧೈರ್ಯ ನಮಗೂ ಇಲ್ಲ. ಅವಳು ತೀರ್ಪು ಕೊಟ್ಟಳು. "ಬಾಯಿ ಯಾಕೆ ಸವೆಸ್ತೀರಿ? ಕಾಲಿನ ವಿಷಯ, ಕಾಲೇ ಹೇಳಲಿ. ಮುಂದಿನ ವಾರ ಸಾಲಿನ ಆ ತುದಿಯಿಂದ ಈ ತುದಿಗೆ ನಡೆದು ಬರ್ಲಿ. ನಾವು ನೋಡ್ತೀವಿ."

ಅಕ್ಕ ನನ್ನನ್ನು ಎಳೆದುಕೊಂಡು ಸೆಫಾಕೊರ್ ಬಳಿಗೆ ಓಡಿದಳು. ವಿಷಯ ಕೇಳಿ ಸೆಫಾಕೊರ್ ಹೊಟ್ಟೆ ಹಿಡಿದು ನಕ್ಕಳು. "ಅಮ್ಮಾ, ನಾನು ತಿಂಗಳುಗಟ್ಟಲೆ ಬೊಬ್ಬೆ ಹೊಡೆದ್ರೂ ಬರಲಿಲ್ಲ. ಈಗ ಹೊಟ್ಟೆಕಿಚ್ಚಿಗೆ ಬಂದಿದೀರ. ಬನ್ನಿ, ಅದೂ ಒಳ್ಳೇ ಔಷಧಿನೇ." ಆ ವಾರವೆಲ್ಲ ಕನ್ನಡಿಯ ಮುಂದೆ ಪಾಠ. "ಭುಜ ವಾಲ್ತಿದೆ! ಹಿಮ್ಮಡಿ ಮೊದಲು! ಬಲಗಾಲಿನ ಮೇಲೂ ಅಷ್ಟೇ ಹೊತ್ತು ನಿಲ್ಲಿ, ಅದೇನು ನಿಮ್ಮ ಸವತಿ ಮಗನಾ?" ಅಕ್ಕ ಬೆವರಿ, ಬೈದು, ಒಮ್ಮೆ ಅತ್ತು, ಮತ್ತೆ ನಡೆದಳು. ಈ ಸಲ ಕನ್ನಡಿ ಡೊಂಕೆನ್ನಲಿಲ್ಲ.

ಆ ದಿನ ಬಂತು. ಅಂಗಡಿಗಳ ಮುಂದೆ ಹೆಂಗಸರು ಎರಡೂ ಕಡೆ ಬೆಂಚು ಹಾಕಿಕೊಂಡು ಕೂತರು. ಯಾರೋ ಹುರಿದ ನೆಲಗಡಲೆ ಮಾರುತ್ತ ಬಂದು ಒಳ್ಳೆಯ ವ್ಯಾಪಾರ ಮಾಡಿಕೊಂಡರು. ತಿವಾ ತನ್ನ ಅಂಗಡಿಯ ಮುಂದೆ "ಕಂಡೋರ ಗೊಡವೆ ನಿನಗ್ಯಾಕೆ" ಎಂಬ ಹೆಸರಿನ ಹೊಸ ಬಟ್ಟೆಯನ್ನು ಇಳಿಬಿಟ್ಟಿದ್ದಳು. ನಮ್ಮಲ್ಲಿ ಬಟ್ಟೆಗಳಿಗೆ ಹೆಸರಿಡುವುದೇ ಬಾಯಿ ತೆರೆಯದೆ ಬೈಯಲು. ನಾನಾ ಬಿರಾಗೊ ಈ ತುದಿಯಲ್ಲಿ ಕುರ್ಚಿಯ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು. ನಾನು ಅವಳ ಪಕ್ಕದಲ್ಲಿ, ಕೈಯಲ್ಲಿ ಅಕ್ಕನ ಕೋಲು ಹಿಡಿದು ನಿಂತಿದ್ದೆ.

ಎಲ್ಲರೂ ಸಾಲಿನ ಆ ತುದಿಯನ್ನೇ ನೋಡುತ್ತಿದ್ದರು. ತಲೆಯ ಮೇಲೆ ಮೂಟೆ ಹೊತ್ತವರು ಬಂದರು, ಹೋದರು. ಗಿರಾಕಿಗಳು ಬಂದರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸೊಬ್ಬಳು ಬಂದಳು. ಅವಳ ಹಿಂದೆ ನೀಲಿ ಬಟ್ಟೆಯುಟ್ಟ ದಪ್ಪನೆಯ ಹೆಂಗಸು ಬಂದಳು.

"ಎಷ್ಟು ಹೊತ್ತು?" ಎಂದು ತಿವಾ ಗಟ್ಟಿಯಾಗಿ ರಾಗವೆಳೆದಳು. "ಕಾಲಿಗೆ ಬುದ್ಧಿ ಹೇಳಿದ್ಲು ಅಂತ ಕಾಣುತ್ತೆ. ಓಡೋದ್ಲು!"

ಬೆಂಚುಗಳು ನಕ್ಕವು. ಕತ್ತುಗಳೆಲ್ಲ ಇನ್ನಷ್ಟು ಉದ್ದವಾಗಿ ಆ ತುದಿಯತ್ತಲೇ ಚಾಚಿದವು. ಅಲ್ಲೆಲ್ಲೋ ಒಂದು ದೋಣಿ ಓಲಾಡುತ್ತ ಕಾಣಿಸಬೇಕಿತ್ತು. ಕಾಣಲಿಲ್ಲ.

"ಇಲ್ಲೇ ಇದೀನಿ" ಎಂದಿತು ಒಂದು ದನಿ.

ನೀಲಿ ಬಟ್ಟೆಯ ಹೆಂಗಸು ನಾನಾ ಬಿರಾಗೊಳ ಮುಂದೆ ನಿಂತಿದ್ದಳು. ಅದು ಅಕ್ಕ. ಇಡೀ ಸಾಲನ್ನು, ಅಷ್ಟೂ ಕಣ್ಣುಗಳ ಮುಂದೆ, ಕೊನೆಯವರೆಗೆ ನಡೆದು ಬಂದಿದ್ದಳು. ಒಬ್ಬರೂ ನೋಡಿರಲಿಲ್ಲ. ಎಲ್ಲರೂ ನಡೆಯುವ ಹಾಗೆ ನಡೆಯುವವಳನ್ನು ಯಾರು ನೋಡುತ್ತಾರೆ? ನಿಜ ಹೇಳಬೇಕೆಂದರೆ, ಒಡಹುಟ್ಟಿದ ನಾನೂ ನೋಡಿರಲಿಲ್ಲ. ಅವಳ ಮುಖ ನೋಡಿದೆ. ಗೆದ್ದವಳ ಮುಖವೂ ಅಲ್ಲ, ಸೋತವಳದೂ ಅಲ್ಲ. ಹಬ್ಬಕ್ಕೆಂದು ಸಿಂಗರಿಸಿಕೊಂಡು ಬಂದರೆ ಮನೆಯವರೆಲ್ಲ ನಿದ್ದೆ ಮಾಡುತ್ತಿದ್ದರೆ ಹೇಗಿರುತ್ತದೋ ಹಾಗಿತ್ತು.

"ಇನ್ನೊಂದ್ಸಲ ನಡೀಲಿ!" ಎಂದಳು ತಿವಾ. "ನಾವು ನೋಡಿಲ್ಲ!"

"ನೋಡೋಕೆ ಏನೂ ಇರಲಿಲ್ಲ ಅಂದ್ರೆ ಊನ ಇಲ್ಲ ಅಂತ ತಾನೆ ಅರ್ಥ?" ಎಂದಳು ನಾನಾ ಬಿರಾಗೊ.

ತಿವಾ ಸೋಲುವವಳಲ್ಲ. "ಒಳಗಿರೋದು ಕಬ್ಬಿಣ! ದೇವರು ಕೊಟ್ಟ ಮೂಳೆ ಅಲ್ಲ. ಕಬ್ಬಿಣದ ಸೊಂಟ ಇಟ್ಕೊಂಡೋಳು ಪೂರ್ತಿ ಹೆಂಗಸಾ?"

ನಾನಾ ಬಿರಾಗೊ ಅವಳ ತಲೆಯ ಕಡೆ ಬಹಳ ಹೊತ್ತು ನೋಡಿದಳು. ತಿವಾಳ ತಲೆಯ ಮೇಲೆ ಅಂದು ಹೊಂಬಣ್ಣದ, ಭುಜದವರೆಗೆ ಇಳಿಬಿದ್ದ ಹೊಸ ಕೂದಲಿತ್ತು. "ಮಗಳೇ," ಎಂದಳು ಮುದುಕಿ, "ದೇವರು ಕೊಡದೇ ಇರೋದನ್ನೆಲ್ಲ ತೆಗೆದಿಟ್ಟು ಬನ್ನಿ ಅಂತ ಹೇಳ್ಲಾ? ನಿನ್ನಿಂದಲೇ ಶುರು ಮಾಡಾಣ?"

ಈ ಸಲ ಬೆಂಚುಗಳು ಮಗುಚಿಬೀಳುವಷ್ಟು ನಕ್ಕವು. ತಿವಾಳ ಕೈ ತಾನಾಗಿ ತಲೆಗೆ ಹೋಯಿತು. ಪೀಠ ಅಕ್ಕನಿಗೆ ಎಂದು ತೀರ್ಮಾನವಾಯಿತು. ನಾನು ಚಪ್ಪಾಳೆ ತಟ್ಟಿದೆ. ಅಕ್ಕ ತಟ್ಟಿಸಿಕೊಂಡಳು.

ಆಮೇಲೆ ನಾನಾ ಬಿರಾಗೊ ರಾಣಿಯ ಕರ್ತವ್ಯಗಳನ್ನು ಹೇಳತೊಡಗಿದಳು. ಬೆಳಿಗ್ಗೆ ಬಂದು ಸಾಲಿನ ತುದಿಯಲ್ಲಿ ಪೀಠದ ಮೇಲೆ ಕೂರಬೇಕು. ದೂರು ತಂದವರ ಮಾತು ಮುಗಿಯುವವರೆಗೆ ಏಳಬಾರದು. ಸಾವಿನ ಮನೆಯಲ್ಲಿ ಉಳಿದವರು ಕುಣಿಯುವಾಗ ರಾಣಿ ಕೂತು ನೋಡಬೇಕು.

"ಎದ್ದು ಒಂದು ಸುತ್ತು ಓಡಾಡಂಗಿಲ್ವಾ, ನಾನಾ?" ಎಂದು ಕೇಳಿದಳು ಅಕ್ಕ.

"ರಾಣಿ ಯಾರಾದ್ರೂ ಓಡಾಡ್ತಾಳಾ? ಜನ ಅವಳ ಹತ್ರ ಬರ್ತಾರೆ."

ಅಕ್ಕ ಯೋಚಿಸಿದಳು. ಅವಳ ಕಾಲು ನೆಲದ ಮೇಲೆ ಸುಮ್ಮನಿರದೆ ಚಡಪಡಿಸುತ್ತಿದ್ದುದು ನನಗೆ ಕಂಡಿತು. "ಇಷ್ಟು ವರ್ಷ ಕೂತೇ ಇದ್ದೆ" ಎಂದಳು. "ನೀವು ತಪ್ಪು ತಿಳ್ಕೋಬೇಡಿ, ನಾನಾ. ತಿವಾಗೇ ಕೊಟ್ಬಿಡಿ. ಕೂರೋದು ಅವಳಿಗೆ ಚೆನ್ನಾಗಿ ಒಗ್ಗುತ್ತೆ. ನೋಡಿ, ಅದಕ್ಕೆ ಬೇಕಾದ್ದೆಲ್ಲ ದೇವರು ಧಾರಾಳವಾಗಿ ಕೊಟ್ಟಿದಾನೆ."

ಹೀಗೆ ತಿವಾ ರಾಣಿಯಾದಳು. ವೈರಿ ಎಸೆದದ್ದನ್ನು ಎತ್ತಿಕೊಂಡು ತಲೆಯ ಮೇಲಿಟ್ಟುಕೊಳ್ಳುವಾಗ ಅವಳ ಮುಖ ಹೇಗಿತ್ತೆಂದು ನಾನು ಈಗಲೂ ಬೇಸರವಾದಾಗಲೆಲ್ಲ ನೆನೆಸಿಕೊಳ್ಳುತ್ತೇನೆ.

ಮನೆಗೆ ಹೊರಟಾಗ ನಾನು ವ್ಯಾನು ನಿಲ್ಲಿಸಲು ಕೈ ತೋರಿಸಿದೆ. ಅಕ್ಕ ನನ್ನ ಕೈ ಹಿಡಿದು ಇಳಿಸಿದಳು. "ನಡ್ಕೊಂಡು ಹೋಗಾಣ."

"ಬಾಂತಾಮಾವರೆಗೂ? ಹುಚ್ಚೇ ನಿನಗೆ?"

ಆದರೆ ಅವಳು ಹೊರಟೇಬಿಟ್ಟಿದ್ದಳು. ರಸ್ತೆ ದಾಟಿದಳು, ಏರು ಹತ್ತಿದಳು, ಕರಿದ ಬಾಳೆಕಾಯಿ ಮಾರುವವಳ ಹತ್ತಿರ ನಿಂತು ಒಂದು ಪೊಟ್ಟಣ ಕಟ್ಟಿಸಿಕೊಂಡು, ತಿನ್ನುತ್ತಲೇ ಮತ್ತೆ ನಡೆದಳು. ನಾನು ಏದುಸಿರು ಬಿಡುತ್ತ ಹಿಂದೆ. ದೊಡ್ಡ ಮನಸ್ಸು ಮಾಡಿ ಪೀಠ ಬಿಟ್ಟುಕೊಟ್ಟವಳಲ್ಲವೇ, ಏನಾದರೂ ದೊಡ್ಡ ಮಾತು ಆಡಿಯಾಳು ಎಂದು ಕಾದೆ. ಅವಳು ನಿಂತಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಅಫ್ರಾಕೊಮಾ, ನೀನ್ಯಾಕೇ ಎಡಗಾಲು ಹೊರಗೆ ಹಾಕ್ತೀಯ? ಬಾತುಕೋಳಿ ಥರ."

"ಯಾರು, ನಾನೇ? ನಾನು ಹುಟ್ಟಿದಾಗಿಂದ ಹಿಂಗೇ ನಡೀತಿರೋದು!"

"ಅದೇ ನಾನು ಹೇಳ್ತಿರೋದು. ಭುಜ ಬೇರೆ ವಾಲ್ತಿದೆ. ಹಿಮ್ಮಡಿ ಮೊದಲು ಇಡು. ನಾಳೆ ನಿನ್ನ ಸೆಫಾಕೊರ್ ಹತ್ರ ಕರ್ಕೊಂಡು ಹೋಗ್ತೀನಿ."

ಈಗ ಮಾರುಕಟ್ಟೆಯಲ್ಲಿ ಅವಳಿಗೆ ಹೊಸ ಕೆಲಸ ಸಿಕ್ಕಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಸಾಲಿನುದ್ದಕ್ಕೂ ಅಡ್ಡಾಡುತ್ತ ಹೋಗಿಬರುವವರ ನಡಿಗೆಯಲ್ಲಿ ತಪ್ಪು ಹುಡುಕುತ್ತಾಳೆ. ಯಾರದೂ ಅವಳಿಗೆ ಹಿಡಿಸಿಲ್ಲ. ಭಾವ ಸಿಹಿ ಹಾಲು ಪೂರ್ತಿ ಬಿಟ್ಟಿದ್ದಾರೆ, ಹಾಗೆಂದು ಅವರು ಹೇಳುತ್ತಾರೆ. ನಾನು ಮಾತ್ರ ಅಕ್ಕ ಎದುರಿಗೆ ಕಂಡರೆ ನಡೆಯುವುದನ್ನೇ ನಿಲ್ಲಿಸಿ, ಯಾವುದಾದರೂ ಅಂಗಡಿಯ ಕಂಬಕ್ಕೆ ಒರಗಿ ನಿಂತುಬಿಡುತ್ತೇನೆ.